ಕಾಣಿಕೆ ಕವರಿನ ಮೇಲೆ ಬರೆದದ್ದು

ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆ ಹತ್ತೂವರೆಗೆ ಶುರುವಾಗುತ್ತದೆ. ಹನ್ನೆರಡರ ಗಂಟೆ ಹೊಡೆಯುವಾಗ ಎಲ್ಲರೂ ಮೊಣಕಾಲೂರಿರಬೇಕು. ಅದಕ್ಕೆ ಮುಂಚಿನ ಹೊತ್ತೆಲ್ಲ ಸಾಕ್ಷಿಗೆ ಮೀಸಲು. ವರ್ಷದುದ್ದಕ್ಕೂ ದೇವರು ಮಾಡಿದ ಉಪಕಾರವನ್ನು ಒಬ್ಬೊಬ್ಬರಾಗಿ ಎದ್ದು ಹೇಳುತ್ತಾರೆ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು, ಅರ್ಧಕ್ಕೆ ನಿಂತಿದ್ದ ಮನೆಗೆ ಮೋಲ್ಡ್ ಹಾಕಿಸಿದೆವು, ಮನೆಯವರು ಕುಡಿತ ಬಿಟ್ಟರು. ಪ್ರತಿಯೊಬ್ಬರ ಮಾತಿನ ಕೊನೆಗೂ ಸಭೆ ಒಟ್ಟಾಗಿ 'ಸ್ತೋತ್ರ' ಅನ್ನುತ್ತದೆ.

ಡೆಂಗಿ ಜೋರಾಗಿದ್ದ ಒಂದು ವರ್ಷ ಒಬ್ಬ ತಂದೆ ಎದ್ದು ನಿಂತರು. ಮಗನ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿತ್ತು, ಡಾಕ್ಟರೂ ಕೈಚೆಲ್ಲಿದ್ದರು, ರಾತ್ರಿಯೆಲ್ಲ ಸಭೆಯವರು ಪ್ರಾರ್ಥನೆ ಮಾಡಿದರು, ಬೆಳಗಿನ ಜಾವಕ್ಕೆ ಮಗು ಕಣ್ಣುಬಿಟ್ಟಿತು, ದೇವರು ನಮ್ಮ ಮೊರೆ ಕೇಳಿದರು ಎಂದರು. ಸ್ವರ ನಡುಗುತ್ತಿತ್ತು. ಸಭೆ 'ಸ್ತೋತ್ರ' ಎಂದಿತು, ನಾನೂ ಎಂದೆ. ಎಂದ ಮೇಲೆ ನನ್ನ ಕಣ್ಣು ಹೆಂಗಸರ ಕಡೆಯ ಮೂರನೆಯ ಬೆಂಚಿಗೆ ಹೋಯಿತು. ಅಲ್ಲಿ ಕೂತಿದ್ದ ತಾಯಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅದೇ ಜ್ವರಕ್ಕೆ, ಏಳು ವರ್ಷದ ಮಗನನ್ನು ಕಳೆದುಕೊಂಡಿದ್ದರು. ಆ ಮಗುವಿಗಾಗಿಯೂ ಇದೇ ಜನ ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದ್ದರು. ಆಕೆ ಎದ್ದು ಹೊರಗೆ ಹೋಗಲಿಲ್ಲ. ಸೆರಗಿನ ತುದಿಯನ್ನು ತೋರುಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಇಷ್ಟೇ ಮಾಡುತ್ತಿದ್ದರು.

ಆ ಬೆರಳನ್ನು ನೋಡಿದ ಮೇಲೆ ಕೃತಜ್ಞತೆಯ ಬಗ್ಗೆ ಹಗುರವಾಗಿ ಮಾತಾಡುವುದು ನನ್ನಿಂದ ಆಗುತ್ತಿಲ್ಲ. ಕೃತಜ್ಞತೆ ಮತ್ತು ಆನಂದ ಕ್ರೈಸ್ತ ನಂಬಿಕೆಯ ಹೊರಗಿನ ಅಲಂಕಾರವಲ್ಲ, ಆ ನಂಬಿಕೆಯ ಉಸಿರು ಅವು ಎಂದು ನಾನು ನಂಬುತ್ತೇನೆ. ಆದರೆ ಒಬ್ಬರ ಸ್ತೋತ್ರ ಇನ್ನೊಬ್ಬರ ಎದೆಗೆ ಕಲ್ಲಾಗಿ ಬೀಳುವುದಾದರೆ ಅದು ಎಂಥ ಸ್ತೋತ್ರ? ದೇವರು ಕೇಳಿದ್ದರಿಂದ ಆ ಮಗು ಉಳಿಯಿತು ಎಂದರೆ, ಈ ತಾಯಿ ಉಳಿದರ್ಧವನ್ನು ತಾನೇ ತುಂಬಿಕೊಳ್ಳಬೇಕಾಗುತ್ತದೆ: ನನ್ನದನ್ನು ಕೇಳಲಿಲ್ಲ. ಸಿಕ್ಕವರ ಸ್ತೋತ್ರವನ್ನು ಸಿಗದವರ ಕಿವಿಗೆ ಬೀಳುವ ಹಾಗೆ ಹೇಳಲು ಆಗಬೇಕು. ನಾನು ಹಿಡಿದಿರುವ ಒರೆಗಲ್ಲು ಇದೊಂದೇ.

ಆ ತಂದೆಯ ಮೇಲೆ ನನಗೆ ಯಾವ ದೂರೂ ಇಲ್ಲ. ಸಾವಿನ ಬಾಗಿಲಿನಿಂದ ಮಗ ಹಿಂತಿರುಗಿದಾಗ ಉಕ್ಕುವ ಮಾತಿಗೆ ದೇವಶಾಸ್ತ್ರದ ಅಳತೆಗೋಲು ಹಿಡಿಯುವುದು ಕ್ರೌರ್ಯ. ಅವರು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ನಾನು ಹೇಳಲಾರೆ. ಲೂಕನ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ. ಹಿಂತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಸಮಾರ್ಯದವನು, ಪರಕೀಯ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿ ಕೇಳುತ್ತಾರೆ. ಆದರೆ ಆ ಒಂಬತ್ತು ಮಂದಿಯ ಚರ್ಮಕ್ಕೆ ರೋಗ ಮತ್ತೆ ಬಂತು ಎಂದು ಲೂಕ ಬರೆದಿಲ್ಲ. ಕೊಟ್ಟದ್ದು ಕೊಟ್ಟದ್ದೇ. ಸ್ತೋತ್ರ ಆ ಗುಣದ ಬೆಲೆಯಲ್ಲ, ಮುಂದಿನ ಗುಣಕ್ಕೆ ಮುಂಗಡವೂ ಅಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾದರೆ ಅರ್ಧ ಗೊಂದಲ ಕಳೆಯುತ್ತದೆ. ಕಾಣಿಕೆ ಹಾಕಿದರೆ ದುಪ್ಪಟ್ಟು ಬರುತ್ತದೆ, ಸಾಕ್ಷಿ ಹೇಳದಿದ್ದರೆ ಬಂದದ್ದೂ ಹೋಗುತ್ತದೆ ಎಂದು ಮೈಕು ಹಿಡಿದು ಹೆದರಿಸುವವರು ಸುವಾರ್ತೆಯ ಈ ಪುಟವನ್ನು ಓದಿಲ್ಲ.

ನಮ್ಮ ಕೃತಜ್ಞತೆ ಕೆಡುವುದು ಹೆಚ್ಚಾಗಿ ಇನ್ನೊಂದು ದಾರಿಯಲ್ಲಿ. ಅದೇ ಸುವಾರ್ತೆಯ ಮುಂದಿನ ಅಧ್ಯಾಯದಲ್ಲಿ ದೇವಾಲಯಕ್ಕೆ ಬಂದ ಫರಿಸಾಯನ ಪ್ರಾರ್ಥನೆಯಿದೆ. ನಾವು ಅದರಲ್ಲಿ ಜಂಬವನ್ನಷ್ಟೇ ನೋಡಿ ಮುಂದೆ ಹೋಗುತ್ತೇವೆ. ನಿಜವಾಗಿ ಅದು ಅಪ್ಪಟ ಕೃತಜ್ಞತೆಯ ಪ್ರಾರ್ಥನೆ. ಅವನು ಏನನ್ನೂ ಬೇಡುವುದಿಲ್ಲ, ದೂರು ಹೇಳುವುದಿಲ್ಲ, ಬರೀ ಸ್ತೋತ್ರ. ಅದು ಕೆಟ್ಟದ್ದು ಹೇಗೆಂದರೆ, ತನಗೆ ಸಿಕ್ಕದ್ದನ್ನು ಅಳೆಯಲು ದೂರದಲ್ಲಿ ತಲೆತಗ್ಗಿಸಿ ನಿಂತಿದ್ದ ಸುಂಕದವನನ್ನೇ ಸೇರು ಮಾಡಿಕೊಂಡ. ನಾವು ಮಕ್ಕಳಿಗೆ ಕಲಿಸುವ ಕೃತಜ್ಞತೆಯೂ ಬಹುಪಾಲು ಇದೇ ಅಲ್ಲವೇ? ತಟ್ಟೆಯಲ್ಲಿ ಅನ್ನ ಬಿಟ್ಟ ಮಗುವಿಗೆ ಊಟವಿಲ್ಲದ ಮಕ್ಕಳನ್ನು ತೋರಿಸುತ್ತೇವೆ. ಹೊಸ ಚಪ್ಪಲಿ ಕೇಳಿದವನಿಗೆ ಕಾಲಿಲ್ಲದವನನ್ನು ತೋರಿಸುತ್ತೇವೆ. ಆ ಮಗು ಕಲಿಯುವುದು ಕೃತಜ್ಞತೆಯನ್ನಲ್ಲ. ಇನ್ನೊಬ್ಬರ ಕೊರತೆ ತನ್ನ ನೆಮ್ಮದಿಗೆ ಬೇಕಾದ ಸಾಮಾನು ಎಂಬುದನ್ನು. ಕಾಲಿಲ್ಲದವನು ಆ ಮಾತು ಕೇಳಿಸಿಕೊಂಡರೆ ಏನಾಗುತ್ತದೆ ಎಂದು ನಾವು ಯೋಚಿಸುವುದಿಲ್ಲ.

ಈಚೆಗೆ ಕೃತಜ್ಞತೆಗೆ ಮನಶ್ಶಾಸ್ತ್ರದ ಬೆಂಬಲವೂ ಸಿಕ್ಕಿದೆ. ಅಮೆರಿಕದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ, ದಿನಕ್ಕಿಷ್ಟು ಉಪಕಾರಗಳನ್ನು ಡೈರಿಯಲ್ಲಿ ಬರೆದಿಡುವ ಅಭ್ಯಾಸ ಜಗತ್ತಿನಾದ್ಯಂತ ಹರಡಿತು. ಅದರಿಂದ ಮನಸ್ಸು ಹಗುರಾಗುವುದಾದರೆ ಒಳ್ಳೆಯದೇ. ಆದರೆ ಡೈರಿಗೆ ಕಿವಿಯಿಲ್ಲ. ಕ್ರೈಸ್ತರ ಸ್ತೋತ್ರ ಯಾರೋ ಒಬ್ಬರಿಗೆ ಹೇಳುವ ಮಾತು, ಜೊತೆಗೆ ನಾಲ್ಕು ಜನರ ನಡುವೆ ನಿಂತು ಹೇಳುವ ಮಾತು. ಅದು ಹೇಳುವವನ ಆರೋಗ್ಯಕ್ಕಾಗಿ ಇರುವ ಔಷಧವಲ್ಲ.

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆಕೆಯ ಬಾಯಲ್ಲಿ 'ಸ್ತೋತ್ರ ಸ್ವಾಮಿ' ಎಂಬುದು ದಿನಕ್ಕೆ ನೂರು ಸಲ ಬರುತ್ತಿತ್ತು. ಬೋರ್‌ವೆಲ್‌ನಿಂದ ತಂದ ಬಿಂದಿಗೆಯನ್ನು ಸೊಂಟದಿಂದ ಇಳಿಸುವಾಗ, ರಾಗಿ ಮುದ್ದೆ ತಿರುವಿ ಕೋಲು ಆಚೆ ಇಡುವಾಗ, ಬಸ್ಸಿನಿಂದ ಯಾರಾದರೂ ಇಳಿದು ಮನೆ ಕಡೆ ಬರುವುದು ಕಂಡಾಗ. ಊರಿನಲ್ಲಿ ಸಾವಾದ ಸುದ್ದಿ ಬಂದರೂ ಅದೇ ಮಾತು, ಸ್ವರ ಮಾತ್ರ ಬೇರೆ. ಚಿಕ್ಕವನಾಗಿದ್ದಾಗ ಇದು ನನಗೆ ಚಟದಂತೆ ಕಾಣುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಸಂಸ್ಕೃತದಲ್ಲಿ ಸ್ತೋತ್ರವೆಂದರೆ ಹೊಗಳಿಕೆ. ಕನ್ನಡ ಕ್ರೈಸ್ತರ ಬಾಯಲ್ಲಿ ಅದು ಹೊಗಳಿಕೆಯೂ ಹೌದು, ವಂದನೆಯೂ ಹೌದು, ನಮಸ್ಕಾರವೂ ಹೌದು. ದಾರಿಯಲ್ಲಿ ಬೋಧಕರಾದ ಅಯ್ಯನವರು ಎದುರಾದರೆ 'ಸ್ತೋತ್ರ ಅಯ್ಯನವರೇ'. ಸಿಕ್ಕದ್ದಕ್ಕೆ ಪ್ರತಿಯಾಗಿ ಹೇಳುವ ಮಾತು ಎದುರಿಗೆ ಇದ್ದೀರಲ್ಲ ಎಂದು ಹೇಳುವ ಮಾತಾಗಿದೆ. ಅಜ್ಜಿ ಸಾವಿನ ಸುದ್ದಿಗೆ ಹೇಳುತ್ತಿದ್ದುದು ಸಾವಿಗೆ ಸಲ್ಲಿಸಿದ ವಂದನೆಯಲ್ಲ. ಆ ಹೊತ್ತಿನಲ್ಲೂ ಆಕೆಯ ಮುಖ ಯಾರ ಕಡೆ ತಿರುಗಿತ್ತು ಎಂಬುದರ ಗುರುತು.

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಕೃಪೆಗೆ ಖರಿಸ್ ಎನ್ನುತ್ತಾರೆ, ಆನಂದಕ್ಕೆ ಖರಾ, ಕೃತಜ್ಞತೆಗೆ ಯೂಖರಿಸ್ತಿಯಾ. ಮೂರೂ ಒಂದೇ ಬೇರಿನ ಚಿಗುರು. ಬಿಟ್ಟಿಯಾಗಿ ಬಂದದ್ದು, ಬಂದಾಗ ಆದ ಹಿಗ್ಗು, ಹಿಗ್ಗಿನಿಂದ ಹೊರಟ ಮಾತು. ನಮ್ಮ ಕಡೆ ಉಪಕಾರದ ಮಾತು ಬಂದ ತಕ್ಷಣ ನಾಲಿಗೆಗೆ ಬರುವುದು ಋಣ. ಅನ್ನದ ಋಣ, ಉಪ್ಪಿನ ಋಣ, ಹೆತ್ತವರ ಋಣ. ಈ ಮಾತಿನಲ್ಲಿ ಘನತೆಯಿದೆ. ಪಡೆದದ್ದನ್ನು ಮರೆಯಬಾರದು ಎಂಬ ಎಚ್ಚರವಿದೆ. ಆದರೆ ಋಣಕ್ಕೆ ಒಂದು ನೆರಳೂ ಇದೆ. ಕೊಟ್ಟವನು ಮೇಲೆ, ಪಡೆದವನು ಕೆಳಗೆ. 'ನಮ್ಮ ಉಪ್ಪು ತಿಂದು ನಮಗೇ ಎದುರು ಮಾತಾಡುತ್ತೀಯಾ' ಎಂಬ ಮಾತು ಕೇಳದ ಊರು ಕರ್ನಾಟಕದಲ್ಲಿ ಇದೆಯೇ?

ಅಪೊಸ್ತಲ ಪೌಲನ ಕಾಲದ ರೋಮ್ ಸಾಮ್ರಾಜ್ಯವೂ ಈ ಲೆಕ್ಕದ ಮೇಲೆಯೇ ನಡೆಯುತ್ತಿತ್ತು. ಅವನ ಸಮಕಾಲೀನ ತತ್ತ್ವಜ್ಞಾನಿ ಸೆನೆಕ ಉಪಕಾರ ಮಾಡುವುದು, ಪಡೆಯುವುದು, ತೀರಿಸುವುದರ ಬಗ್ಗೆ ಏಳು ಭಾಗಗಳ ಗ್ರಂಥವನ್ನೇ ಬರೆದ. ಆ ಜಗತ್ತಿನ ಒಂದು ಸೆರೆಮನೆಯಲ್ಲಿ ಕೂತು ಪೌಲ ಫಿಲಿಪ್ಪಿಯವರಿಗೆ ಕಾಗದ ಬರೆದ. ಅಂದಿನ ಸೆರೆಯಲ್ಲಿ ಊಟ, ಬಟ್ಟೆಗೆ ಹೊರಗಿನ ಗೆಳೆಯರೇ ಗತಿ. ಫಿಲಿಪ್ಪಿಯವರು ಎಪಫ್ರೊದೀತ ಎಂಬುವನ ಕೈಯಲ್ಲಿ ಸಹಾಯ ಕಳಿಸಿದ್ದರು. ಆ ಕಾಗದ ಒಂದರ್ಥದಲ್ಲಿ ಅದಕ್ಕೆ ಬರೆದ ವಂದನಾಪತ್ರ. ನಾಲ್ಕೇ ಅಧ್ಯಾಯದಲ್ಲಿ ಆನಂದ, ಆನಂದಿಸು ಎಂಬ ಪದಗಳು 16 ಸಲ ಬರುತ್ತವೆ. ವಿಚಿತ್ರವೆಂದರೆ, ಸಹಾಯದ ಪ್ರಸ್ತಾಪ ಬರುವ ಕೊನೆಯ ಭಾಗದಲ್ಲಿ ನಿಮಗೆ ವಂದನೆ ಎಂಬ ನೇರ ಮಾತೇ ಇಲ್ಲ. ನೀವು ನನ್ನ ಕಷ್ಟದಲ್ಲಿ ಪಾಲುಗಾರರಾದಿರಿ ಎನ್ನುತ್ತಾನೆ. ನೀವು ಕಳಿಸಿದ್ದು ದೇವರಿಗೆ ಮುಟ್ಟಿದ ಸುಗಂಧದ ಕಾಣಿಕೆ, ನಿಮ್ಮ ಕೊರತೆಯನ್ನು ದೇವರೇ ನೀಗಿಸುತ್ತಾರೆ ಎನ್ನುತ್ತಾನೆ. ಇದು ಕೃತಘ್ನತೆಯಲ್ಲ. ಅವರಿಗೂ ತನಗೂ ನಡುವೆ ಸಾಲಗಾರ-ಸಾಹುಕಾರ ಸಂಬಂಧ ಹುಟ್ಟದ ಹಾಗೆ ಅವನು ಉಪಕಾರವನ್ನು ದೇವರ ಹೆಸರಿಗೆ ದಾಖಲು ಮಾಡಿಬಿಟ್ಟ. ಮನುಷ್ಯರ ನಡುವೆ ಉಳಿಯುವುದು ಗೆಳೆತನ ಮಾತ್ರ. ಕ್ರೈಸ್ತ ಕೃತಜ್ಞತೆ ಋಣದಿಂದ ಬೇರೆಯಾಗುವುದು ಈ ಜಾಗದಲ್ಲಿ. ಯಾವ ಮನುಷ್ಯನೂ ಇನ್ನೊಬ್ಬ ಮನುಷ್ಯನಿಂದ ಅದನ್ನು ವಸೂಲು ಮಾಡುವ ಹಾಗಿಲ್ಲ.

ಆನಂದದ ಆ ಕಾಗದದಲ್ಲಿ ಕಣ್ಣೀರೂ ಇದೆ. ಸಹಾಯ ತಂದ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದಿದ್ದ; ಅವನು ಹೋಗಿಬಿಟ್ಟಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಪೌಲ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಸ್ವರ್ಗಕ್ಕೆ ಹೋದ, ಸ್ತೋತ್ರ ಎಂದು ಮುಗಿಸುತ್ತಿರಲಿಲ್ಲ. ಫಿಲಿಪ್ಪಿಯವರಿಗೆ ಈ ಮನುಷ್ಯನ ಹಾಡೂ ಗೊತ್ತಿತ್ತು, ಗಾಯವೂ ಗೊತ್ತಿತ್ತು. ಅದೇ ಊರಿನ ಜೈಲಿನಲ್ಲಿ ಕೋಲಿನ ಪೆಟ್ಟು ತಿಂದು, ಕಾಲಿಗೆ ಕೊರಡು ಹಾಕಿಸಿಕೊಂಡು, ಮಧ್ಯರಾತ್ರಿ ಪೌಲ ಮತ್ತು ಸೀಲ ಹಾಡಿದ್ದನ್ನು ಅಪೊಸ್ತಲರ ಕೃತ್ಯಗಳು ದಾಖಲಿಸಿದೆ. ಭೂಕಂಪವಾಗಿ ಬಾಗಿಲು ತೆರೆದದ್ದು ಹಾಡಿದ ಮೇಲೆ. ತೆರೆದ ಮೇಲೂ ಅವರು ಓಡಲಿಲ್ಲ. ಜೈಲಿನ ಅಧಿಕಾರಿಯೇ ಬಂದು ಅವರ ಗಾಯ ತೊಳೆದ. ಬಿಡುಗಡೆಗೆಂದು ಹಾಡಿದ್ದರೆ ಬಾಗಿಲು ತೆರೆದ ಕ್ಷಣವೇ ಕಾಲು ಕೀಳುತ್ತಿದ್ದರು.

ಇಲ್ಲಿ ಒಂದು ವಿಭಕ್ತಿಯ ವಿಷಯ ಹೇಳಬೇಕು. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಕೃತಜ್ಞತೆ ಸಲ್ಲಿಸಲು ಹೇಳುವುದು 'ಎಲ್ಲದರಲ್ಲಿ', 'ಎಲ್ಲದಕ್ಕಾಗಿ' ಅಲ್ಲ. ಕನ್ನಡದಲ್ಲಿ ಅಲ್ಲಿ ಮತ್ತು ಗಾಗಿ ನಡುವೆ ಎಷ್ಟು ಅಂತರವಿದೆ ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಜ್ವರದಲ್ಲಿ ದೇವರನ್ನು ನೆನೆಯುವುದು ಬೇರೆ, ಜ್ವರಕ್ಕಾಗಿ ದೇವರನ್ನು ವಂದಿಸುವುದು ಬೇರೆ. ಈ ಸಮಾಧಾನ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ, ಯಾಕೆಂದರೆ ಎಫೆಸದವರಿಗೆ ಬರೆದ ಪತ್ರದಲ್ಲಿ 'ಎಲ್ಲದಕ್ಕಾಗಿ' ಎಂದೇ ಇದೆ. ಆ ಮಾತನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ನಾನು ಅದನ್ನು ಲಾಜರನ ಸಮಾಧಿಯ ಪಕ್ಕದಲ್ಲಿಟ್ಟು ಓದುತ್ತೇನೆ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗೆಳೆಯನ ಸಾವಿಗೆ ಅಳುತ್ತಾರೆ. ಆರು ವಚನ ಮುಂದೆ, ಅದೇ ಗುಹೆಯ ಬಾಯಲ್ಲಿ ನಿಂತು ತಂದೆಗೆ ಸ್ತೋತ್ರ ಹೇಳುತ್ತಾರೆ. ಸಾವಿಗಾಗಿ ಅಲ್ಲ, ತನ್ನ ಮೊರೆಯನ್ನು ತಂದೆ ಕೇಳುತ್ತಾರೆ ಎಂಬುದಕ್ಕಾಗಿ. ಅತ್ತ ಕಣ್ಣು ಒರೆಸಿಕೊಳ್ಳುವ ಮುಂಚೆ ಹೊರಟ ಸ್ತೋತ್ರ ಅದು. ಕೆಟ್ಟದ್ದನ್ನು ಒಳ್ಳೆಯದೆಂದು ಕರೆಯುವ ಕೃತಜ್ಞತೆ ಅವರಲ್ಲಿ ನನಗೆ ಕಾಣುವುದಿಲ್ಲ.

ಹಳೆಯ ಒಡಂಬಡಿಕೆ ಈ ವಿಷಯದಲ್ಲಿ ನಮಗಿಂತ ಧೈರ್ಯವುಳ್ಳದ್ದು. ಕೀರ್ತನೆಗಳ ಪುಸ್ತಕದ ಸುಮಾರು ಮೂರನೆಯ ಒಂದು ಪಾಲು ಗೋಳಾಟ, ದೂರು, ಜಗಳ. ನಮ್ಮ ಭಾನುವಾರದ ಹಾಡುಗಳಲ್ಲಿ ಅದರ ಒಂದಂಶವೂ ಇಲ್ಲ. ಹಬಕ್ಕೂಕನ ಪುಸ್ತಕದ ಕೊನೆಯಲ್ಲಿ ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಎಣ್ಣೆಮರ ಮೋಸ ಮಾಡಿದರೂ, ಹೊಲ ಬರಿದಾಗಿ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದೆ ಹೋದರೂ ದೇವರಲ್ಲಿ ಉಲ್ಲಾಸಪಡುತ್ತೇನೆ ಎಂಬ ಭಾಗವಿದೆ. ಬರಗಾಲದ ವರ್ಷದ ಪ್ರಸಂಗಗಳಲ್ಲಿ ಅದನ್ನು ತಪ್ಪದೆ ಓದುತ್ತಾರೆ. ಆದರೆ ಆ ಪುಸ್ತಕಕ್ಕೆ ಮೂರು ಅಧ್ಯಾಯ. ಮೊದಲನೆಯದು ಶುರುವಾಗುವುದು, ಎಷ್ಟು ಕಾಲ ಕೂಗಿದರೂ ನೀನು ಕೇಳುವುದಿಲ್ಲವಲ್ಲ ಎಂಬ ಜಗಳದಿಂದ. ಮೊದಲನೆಯ ಅಧ್ಯಾಯವನ್ನು ಬಾಯಿಬಿಟ್ಟು ಆಡಲು ಬಿಡದೆ ಮೂರನೆಯದನ್ನು ಹಾಡಿಸುವುದು ಆ ಪ್ರವಾದಿಗೂ ಅನ್ಯಾಯ, ಒಣಗಿದ ಹೊಲದಿಂದ ನೇರ ಆರಾಧನೆಗೆ ಬಂದ ರೈತನಿಗೂ ಅನ್ಯಾಯ.

ಮಾರ್ಟಿನ್ ರಿಂಕಾರ್ಟ್ ಎಂಬ ಲೂಥರನ್ ಬೋಧಕರ ಕಥೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಜರ್ಮನಿಯ ಸಾಕ್ಸನಿಯ ಐಲೆನ್‌ಬುರ್ಗ್ ಎಂಬ ಕೋಟೆಯ ಪಟ್ಟಣ ಅವರ ಹುಟ್ಟೂರೂ ಹೌದು, ಸೇವೆ ಮಾಡಿದ ಊರೂ ಹೌದು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಸುತ್ತಲ ಹಳ್ಳಿಗಳ ನಿರಾಶ್ರಿತರೆಲ್ಲ ಕೋಟೆಯೊಳಗೆ ಬಂದು ತುಂಬಿಕೊಂಡರು. 1637ರಲ್ಲಿ ಪ್ಲೇಗ್ ಬಡಿಯಿತು. ಕೊನೆಗೆ ಊರಿನಲ್ಲಿ ಉಳಿದ ಬೋಧಕರು ಅವರೊಬ್ಬರೇ. ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಶವಸಂಸ್ಕಾರವನ್ನು ಅವರೇ ನಡೆಸಿದರು ಎಂದು ಹೇಳುತ್ತಾರೆ. ಅವರಲ್ಲಿ ಅವರ ಹೆಂಡತಿಯೂ ಒಬ್ಬರು. ಎಲ್ಲರೂ ದೇವರಿಗೆ ಕೃತಜ್ಞತೆ ಸಲ್ಲಿಸೋಣ ಎಂದು ಕರೆಯುವ, ಇಂದಿಗೂ ಲೋಕವೆಲ್ಲ ಹಾಡುವ ಗೀತೆ ಇವರದು. ಹೆಣಗಳ ನಡುವೆ ಕೂತು ಅದನ್ನು ಬರೆದರು ಎಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ನಿಜ ಸಂಗತಿ ಅದಕ್ಕಿಂತ ಸಣ್ಣದು, ನನಗೆ ಅದೇ ಹೆಚ್ಚು ಹಿಡಿಸುತ್ತದೆ. ಪ್ಲೇಗಿಗೆ ಮುಂಚೆಯೇ, ಮಕ್ಕಳು ಊಟದ ಹೊತ್ತಿನಲ್ಲಿ ಹಾಡಲಿ ಎಂದು ಬರೆದ ಪುಟ್ಟ ಪ್ರಾರ್ಥನೆ ಅದು. ಯುದ್ಧ ಬಾಗಿಲಲ್ಲಿದ್ದಾಗ, ಅರೆಹೊಟ್ಟೆಯ ತಟ್ಟೆಯ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಒಬ್ಬ ತಂದೆ ಹೇಳಿಕೊಟ್ಟದ್ದು. ಪ್ಲೇಗು ಬಂದಾಗ ಅವರ ಬಾಯಲ್ಲಿ ಆ ಮಾತು ಆಗಲೇ ಪಳಗಿತ್ತು.

ಅದೇ ಗೀತೆಗೆ ಇನ್ನೊಂದು ಕಥೆಯೂ ಇದೆ. 1757ರ ಡಿಸೆಂಬರ್ 5ರಂದು ಲೊಯ್ಥೆನ್ ಎಂಬಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನ ಸೈನ್ಯ ಆಸ್ಟ್ರಿಯದವರನ್ನು ಸೋಲಿಸಿತು. ರಾತ್ರಿ, ರಣರಂಗದ ನಡುವೆ, ಗೆದ್ದ ಸೈನಿಕರು ಒಬ್ಬೊಬ್ಬರಾಗಿ ದನಿಗೂಡಿಸಿ ಈ ಹಾಡು ಹಾಡಿದರಂತೆ. ಜರ್ಮನಿಯಲ್ಲಿ ಬಹಳ ಕಾಲ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಬದುಕುಳಿದ ಸಾಮಾನ್ಯ ಸಿಪಾಯಿಯ ಹಾಡನ್ನು ನಾನು ಹಳಿಯಲಾರೆ. ಅವನೂ ಆ ಡೆಂಗಿಯ ಮಗುವಿನ ತಂದೆಯ ಹಾಗೆಯೇ. ಆದರೆ ಸುತ್ತ ಬಿದ್ದಿದ್ದ ಆಸ್ಟ್ರಿಯದ ಗಾಯಾಳುವಿನ ಕಿವಿಗೆ ಅದು ಹೇಗೆ ಕೇಳಿಸಿರಬೇಕು? ದೊರೆಗಳು ಆ ಸ್ತೋತ್ರವನ್ನು ಗೆಲುವಿನ ಮೇಲಿನ ದೇವರ ಮೊಹರು ಮಾಡಿಕೊಂಡರು. ಹಾಡಿನ ಒಂದಕ್ಷರವೂ ಬದಲಾಗಿರಲಿಲ್ಲ. ಮಕ್ಕಳ ತಟ್ಟೆಯ ಮುಂದೆ ಅದು ಬಂದವರನ್ನೆಲ್ಲ ಒಳಗೆ ಕರೆಯುತ್ತಿತ್ತು, ಇಲ್ಲಿ ಸೋತವನನ್ನು ಹೊರಗೆ ಹಾಕಿತು.

ಹಾಗಾದರೆ ಕೃತಜ್ಞತೆಯನ್ನು ಕಾಪಾಡುವುದು ಯಾವುದು? ನನ್ನ ಮಟ್ಟಿಗೆ ಪಂಕ್ತಿ. ಯೇಸುಸ್ವಾಮಿ ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದದ್ದು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ. ಕೈಗೆ ಏನೂ ಸಿಗದ, ಇದ್ದದ್ದೆಲ್ಲ ಕೈಬಿಡುವ ರಾತ್ರಿ ಅದು. ಕ್ರೈಸ್ತರ ಮುಖ್ಯ ಆರಾಧನೆಗೆ ಯೂಖರಿಸ್ತಿಯಾ, ಅಂದರೆ ಕೃತಜ್ಞತೆ ಎಂಬ ಹೆಸರೇ ಬಂದದ್ದು ಆ ರಾತ್ರಿಯ ಕ್ರಿಯೆಯಿಂದ. ನಾವು ಕರ್ತನ ಭೋಜನ ಎನ್ನುತ್ತೇವೆ, ಕಥೋಲಿಕರು ಪರಮಪ್ರಸಾದ ಎನ್ನುತ್ತಾರೆ. ಅದು ಒಬ್ಬರೇ ಕೂತು ಉಣ್ಣುವ ಊಟವಲ್ಲ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ತೇಲಾಡುತ್ತಿದ್ದರು, ಇಲ್ಲದವರು ಹಸಿದೇ ಕೂರುತ್ತಿದ್ದರು. ಇದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಖಡಾಖಂಡಿತವಾಗಿ ಬರೆದ. ಅಂದ ಮೇಲೆ, ಜಾತಿಗೊಂದು ಸ್ಮಶಾನ ಇಟ್ಟುಕೊಂಡಿರುವ ನಮ್ಮ ದೇಶದ ಸಭೆಗಳಲ್ಲಿ ಮುರಿಯುವ ರೊಟ್ಟಿಗೆ ಏನೆನ್ನಬೇಕು? ದಲಿತ ಕ್ರೈಸ್ತರು ತಮಗಾದ ಅನ್ಯಾಯ ಎತ್ತಿ ಹೇಳಿದಾಗ, ಸುವಾರ್ತೆ ಸಿಕ್ಕಿತಲ್ಲ, ಶಾಲೆ ಸಿಕ್ಕಿತಲ್ಲ, ಕೃತಜ್ಞರಾಗಿರಿ ಎಂದು ಬಾಯಿ ಮುಚ್ಚಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಉಪ್ಪಿನ ಋಣದ ಹಳೆಯ ಮಾತೇ, ಬಿಳಿ ನಿಲುವಂಗಿ ತೊಟ್ಟು ಬಂದದ್ದು. ಕೃತಜ್ಞತೆ ಜನರನ್ನು ತಲೆಬಾಗಿಸಿ ಕೂರಿಸುವ ಉಪಾಯ ಎಂದು ಆಕ್ಷೇಪಿಸುವವರಿದ್ದಾರೆ. ಇಂಥದ್ದನ್ನು ನೋಡಿದ ಮೇಲೆ ಅವರು ಹಾಗೆ ಹೇಳಿದರೆ ನಾನು ವಾದಿಸಲಾರೆ. ಬೈಬಲು ಕಲಿಸುವ ಕೃತಜ್ಞತೆ ಅದಲ್ಲ ಎಂದು ಮಾತ್ರ ತೋರಿಸಬಲ್ಲೆ.

ಯಾಜಕಕಾಂಡದ 7ನೆಯ ಅಧ್ಯಾಯದಲ್ಲಿ ಕೃತಜ್ಞತಾ ಯಜ್ಞದ ವಿಧಿಯಿದೆ. ಆ ಮಾಂಸವನ್ನು ಅರ್ಪಿಸಿದ ದಿನವೇ ತಿಂದು ಮುಗಿಸಬೇಕು, ಬೆಳಗಿನ ತನಕ ಚೂರೂ ಉಳಿಸಬಾರದು. ಯಾಕೆಂದು ಅಲ್ಲಿ ಹೇಳಿಲ್ಲ. ಆದರೆ ಒಂದು ಟಗರನ್ನು, ಅದರ ಜೊತೆಗಿನ ರೊಟ್ಟಿ ರಾಶಿಯನ್ನು, ಒಂದು ಮನೆಯವರು ಒಂದೇ ದಿನದಲ್ಲಿ ಮುಗಿಸುವುದು ಹೇಗೆ? ಅಕ್ಕಪಕ್ಕದವರನ್ನು ಕರೆಯದೆ ಗತ್ಯಂತರವಿಲ್ಲ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಪ್ರಥಮ ಫಲವನ್ನು ಪುಟ್ಟಿಯಲ್ಲಿ ತಂದ ರೈತ ಬೆಳೆ ಹೇಗೆ ಬಂತೆಂದು ಹೇಳುವುದಿಲ್ಲ. ನಮ್ಮ ಮೂಲಪುರುಷ ಅಲೆಮಾರಿ, ನಾವು ಐಗುಪ್ತದಲ್ಲಿ ಬಿಟ್ಟಿ ದುಡಿದ ಜೀತದವರು, ಕೂಗಿಕೊಂಡೆವು, ದೇವರು ಬಿಡಿಸಿದರು ಎಂದು ಹೇಳಬೇಕು. ಆಮೇಲೆ ಲೇವಿಯನ ಜೊತೆ, ನಡುವೆ ಇರುವ ಪರದೇಶಿಯ ಜೊತೆ ಸಂತೋಷಪಡಬೇಕು. ಜೀತವನ್ನು ಮರೆತ ಕೃತಜ್ಞತೆಯನ್ನು ಆ ಶಾಸನ ಒಪ್ಪುವುದಿಲ್ಲ, ಪರದೇಶಿಯನ್ನು ಹೊರಗಿಟ್ಟ ಆನಂದವನ್ನೂ ಒಪ್ಪುವುದಿಲ್ಲ. ಗುಲಾಮಗಿರಿಯನ್ನು ಹೆಸರಿಟ್ಟು ಹೇಳಿಸುವ ಪ್ರಾರ್ಥನೆ ಯಾರನ್ನೂ ಗುಲಾಮರನ್ನಾಗಿ ಇಡಲು ನೆರವಾಗದು.

ಈ ಹಳೆಯ ವಿಧಿಯ ನೆರಳು ನಮ್ಮ ನೆಲದಲ್ಲೂ ಇದೆ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಹುಟ್ಟಿದ ದಿನ, ತೆನೆ ಹಬ್ಬ ಮಾಡುತ್ತಾರೆ. ಕೊಂಕಣಿಯಲ್ಲಿ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲಮರಿಯಳಿಗೆ ಎರಚುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಮನೆಗೆ ಹೋಗುತ್ತದೆ. ಅದರ ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯವರೆಲ್ಲ ಒಟ್ಟಿಗೆ ಕುಡಿದು, ಬಾಳೆಲೆಯಲ್ಲಿ ತರಕಾರಿ ಊಟ ಉಣ್ಣುತ್ತಾರೆ. ಮಗ ದುಬೈಯಲ್ಲಿದ್ದರೆ ಎರಡು ಕಾಳು ಅಲ್ಲಿಗೂ ಹೋಗುತ್ತದೆ. ಗದ್ದೆ ಮಾರಿ ವರ್ಷಗಳಾದರೂ ತೆನೆ ಬೇಕು. ನಮ್ಮ ಬಯಲುಸೀಮೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸುಗ್ಗಿಯ ಹಬ್ಬಕ್ಕೆ ಬೆಳೆದದ್ದನ್ನು ತಂದು ಹರಾಜು ಹಾಕುತ್ತಾರೆ. ಕುಂಬಳಕಾಯಿ, ರಾಗಿ, ಕಾಲು ಕಟ್ಟಿದ ನಾಟಿ ಕೋಳಿ. ನಲವತ್ತು ರೂಪಾಯಿಯ ಕುಂಬಳಕಾಯಿಯನ್ನು ನಾನ್ನೂರಕ್ಕೆ ಕೂಗಿ, ಹಣ ಕಟ್ಟಿ, ಕಾಯಿಯನ್ನು ಮತ್ತೆ ಮೇಜಿನ ಮೇಲೇ ಇಡುವವರಿದ್ದಾರೆ. ಅದು ಎರಡನೆಯ ಸಲ ಹರಾಜಾಗುತ್ತದೆ.

ಮಳೆ ಕೈಕೊಟ್ಟ ವರ್ಷ ಈ ಹಬ್ಬ ಮಾಡಬೇಕೇ ಬೇಡವೇ ಎಂದು ನಮ್ಮಲ್ಲಿ ಮಾತು ಬಂತು. ಮಾಡಿದೆವು. ಮೇಜಿನ ಮೇಲೆ ಹೆಚ್ಚಿನದೆಲ್ಲ ಸಂತೆಯಿಂದ ತಂದದ್ದು. ಹಿಂದಿನ ಬೆಂಚಿನಲ್ಲಿ ಒಬ್ಬ ಹಿರಿಯರು ಹಾಡಿನ ಪುಸ್ತಕ ತೆರೆಯದೆ ಕೂತಿದ್ದರು. ಎರಡು ಎಕರೆ ರಾಗಿ ತೆನೆ ಕಟ್ಟುವ ಮುಂಚೆ ಒಣಗಿತ್ತು, ಸೊಸೈಟಿಯ ಸಾಲ ತಲೆಯ ಮೇಲಿತ್ತು. ಪಕ್ಕದವರು ಪುಸ್ತಕ ತೆರೆದುಕೊಡಲು ಹೋದಾಗ ಅಯ್ಯನವರು ಕಣ್ಣಲ್ಲೇ ತಡೆದರು. ಆಮೇಲೆ ಅಯ್ಯನವರು ಹೇಳಿದ್ದನ್ನು ನಾನು ಮರೆತಿಲ್ಲ: 'ಅವರು ಈ ವರ್ಷ ಹಾಡುವುದು ಬೇಡ, ನಾವು ಅವರ ಪಾಲಿನದನ್ನೂ ಹಾಡೋಣ. ನಮಗೆ ಆಗದ ವರ್ಷ ಅವರು ಹಾಡುತ್ತಾರೆ.' ಆ ದಿನದ ಹರಾಜಿನ ಹಣ ಯಾರ ಮನೆಗೆ ಹೋಯಿತೆಂದು ಸಭೆಯಲ್ಲಿ ಓದಿ ಹೇಳಲಿಲ್ಲ.

ಸ್ತೋತ್ರ ಬಹುವಚನದ ಮಾತು ಎಂದು ನನಗೆ ತಿಳಿದದ್ದು ಆಗ. ಪೌಲ ಥೆಸಲೊನೀಕದವರಿಗೆ, ಫಿಲಿಪ್ಪಿಯವರಿಗೆ ಬರೆದದ್ದೂ ಬಹುವಚನದಲ್ಲಿ. ಎಲ್ಲದರಲ್ಲಿಯೂ ಕೃತಜ್ಞರಾಗಿರುವುದು ಒಂಟಿ ಮನುಷ್ಯನಿಂದ ಆಗುವ ಕೆಲಸವಲ್ಲ. ಅವನ ಮೇಲೆ ಅದನ್ನು ಹೊರಿಸಿದರೆ 'ನನಗೆ ನಂಬಿಕೆ ಸಾಲದು' ಎಂದು ಅವನು ಇನ್ನಷ್ಟು ಕುಗ್ಗುತ್ತಾನೆ. ಅಳುವವರ ಪಾಲಿನದನ್ನು ನಗುವವರು ಹಾಡುವುದು, ನಗುವವರ ಜೊತೆ ಅಳುವವರು ಕೂತಿರುವುದು, ಇಬ್ಬರೂ ಒಂದೇ ಬೆಂಚಿನಿಂದ ಏಳದಿರುವುದು. ಇಷ್ಟಕ್ಕೆ ಬೇಕಾದ ಬಲವನ್ನೇ ನಾನು ಆನಂದ ಎಂದು ಕರೆಯುವುದು.

ಡೆಂಗಿಗೆ ಮಗನನ್ನು ಕಳೆದುಕೊಂಡ ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಹುಟ್ಟುಹಬ್ಬಕ್ಕೆ, ಮದುವೆಯ ದಿನಕ್ಕೆ ಕೃತಜ್ಞತಾ ಕಾಣಿಕೆಯನ್ನು ಕವರಿನಲ್ಲಿ ಹಾಕಿ, ಕಾರಣವನ್ನು ಮೇಲೆ ಬರೆದು ಕೊಡುತ್ತಾರೆ. ಪ್ರಕಟಣೆಯ ಹೊತ್ತಿನಲ್ಲಿ ಕಾರ್ಯದರ್ಶಿಗಳು ಓದುತ್ತಾರೆ. ಆ ಡಿಸೆಂಬರಿನ ನಂತರದ ಮಾರ್ಚಿನ ಒಂದು ಭಾನುವಾರ ಅವರು ಹೀಗೇ ಒಂದರ ಹಿಂದೊಂದು ಓದುತ್ತಾ ಹೋಗಿ, ಒಂದು ಕವರಿನ ಹತ್ತಿರ ನಿಂತರು. ಕನ್ನಡಕ ಸರಿಮಾಡಿಕೊಂಡು, ಮೊದಲು ತಾವೇ ಒಮ್ಮೆ ಓದಿಕೊಂಡು, ಆಮೇಲೆ ಮೆಲ್ಲಗೆ ಓದಿದರು: ಮಗನ ಹುಟ್ಟುಹಬ್ಬದ ಪ್ರಯುಕ್ತ, ನಮ್ಮ ಜೊತೆ ಇದ್ದ ಏಳು ವರ್ಷಕ್ಕಾಗಿ, 700 ರೂಪಾಯಿ. ಸಭೆ ಕೂಡಲೇ ಸ್ತೋತ್ರ ಎನ್ನಲಿಲ್ಲ. ಸ್ವಲ್ಪ ತಡೆದು, ತಗ್ಗಿದ ದನಿಯಲ್ಲಿ ಎಂದಿತು.

ಆರಾಧನೆ ಮುಗಿದ ಮೇಲೆ ಹುಟ್ಟುಹಬ್ಬದ ಮಕ್ಕಳು ಬಾಗಿಲಲ್ಲಿ ನಿಂತು ಚಾಕ್ಲೇಟ್ ಹಂಚುವುದು ವಾಡಿಕೆ. ಅವತ್ತು ಆ ತಾಯಿ ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ಸಾಲಾಗಿ ಬಂದು ಒಂದೊಂದು ತೆಗೆದುಕೊಂಡವು. ಡೆಂಗಿಯಿಂದ ಎದ್ದ ಹುಡುಗನೂ ಬಂದ. ಒಂದು ತೆಗೆದುಕೊಂಡು, ಮುಖ ಮೇಲೆತ್ತಿ, ಇನ್ನೊಂದು ಕೊಡ್ತೀರಾ ಆಂಟಿ ಎಂದ. ಹಿಂದೆ ನಿಂತಿದ್ದ ಅವನ ಅಪ್ಪ ಗದರಲು ಬಾಯಿ ತೆರೆದರು. ಅಷ್ಟರಲ್ಲಿ ಆಕೆ ಚೀಲದೊಳಗೆ ಕೈ ಹಾಕಿದ್ದರು.